ಹದಿನಾರು ಸಾವಿರ ಕೋಣೆಗಳ ಬೀಗ

ಒಂದಾನೊಂದು ಊರಿನಲ್ಲಿ ಉಗುರಿನಷ್ಟೇ ಅಗಲದ ಒಂದು ಅರಮನೆ. ಅದಕ್ಕೆ ಹದಿನಾರು ಸಾವಿರ ಕೋಣೆ, ಒಂದಕ್ಕೂ ಬೀಗವಿಲ್ಲ. ಶುಕ್ರವಾರ ಸಂಜೆಯೊಳಗೆ ಎಲ್ಲ ಕೋಣೆಗಳಿಗೂ ಬೀಗ ಹಾಕಿಕೊಡುತ್ತೇನೆಂದು ಒಬ್ಬ ಹುಡುಗಿ ಮಾತು ಕೊಟ್ಟಳು. ಅಜ್ಜಿ ಹೇಳುತ್ತಿದ್ದ ಕಥೆಯಾಗಿದ್ದರೆ ಅಂಥವಳಿಗೆ ಒಂದು ಮಾತಾಡುವ ಗಿಳಿಯಾದರೂ ಸಿಗುತ್ತಿತ್ತು. ಇವಳಿಗೆ ಸಿಕ್ಕಿದ್ದು ಕಿಟಕಿ ಪಕ್ಕದ ಮೇಜು ಮತ್ತು ಒಂದು ಸಿರಿಂಜ್ ಪಂಪ್.

ಅರಮನೆ ಇದ್ದದ್ದು ಆ ಪಂಪಿನ ಹೊಟ್ಟೆಯಲ್ಲಿ. ರೋಗಿಯ ನರಕ್ಕೆ ಹನಿಹನಿಯಾಗಿ ಔಷಧ ಇಳಿಸುವ ಯಂತ್ರ ಅದು. ಅದನ್ನು ಒಳಗಿನಿಂದ ಆಳುವ ಕರ್ನಲ್ ಎಂಬ ತಂತ್ರಾಂಶಕ್ಕೆ ಮೆಮೊರಿಯೇ ಮನೆ. ಮೆಮೊರಿಯನ್ನು ಒಂದೇ ಅಳತೆಯ ಪುಟಗಳಾಗಿ ಭಾಗ ಮಾಡಿರುತ್ತಾರೆ. ಅವೇ ಇವಳ ಕೋಣೆಗಳು. ಆಜ್ಞೆಗಳಿರುವ ಕೋಣೆಯಲ್ಲಿ ಓದಬಹುದು, ನಡೆಸಬಹುದು, ಬರೆಯಬಾರದು. ಅಂಕಿಗಳಿರುವ ಕೋಣೆಯಲ್ಲಿ ಓದಬಹುದು, ಬರೆಯಬಹುದು, ನಡೆಸಬಾರದು. ಈ ಕಟ್ಟುಪಾಡು ಇಲ್ಲದಿದ್ದರೆ ದಾರಿ ತಪ್ಪಿದ ಒಂದು ಅಂಕಿ ಯಾವುದೋ ಆಜ್ಞೆಯ ತಲೆಯ ಮೇಲೆ ಕೂತು, ಒಂದು ಹನಿಯ ಜಾಗದಲ್ಲಿ ಹತ್ತು ಹನಿ ಇಳಿದೀತು. ಎರಡು ವರ್ಷ ಪರದೆಯ ಗುಂಡಿಗಳಿಗೆ ಬಣ್ಣ ಬಳಿದುಕೊಂಡಿದ್ದವಳಿಗೆ ಕರ್ನಲ್ ಕೆಲಸ ಸಿಕ್ಕಿದ್ದು ಇದೇ ಮೊದಲು. ಶುಕ್ರವಾರ ತಪ್ಪಿದರೆ ಪಂಪು ಬೀಗವಿಲ್ಲದೆ ಆಸ್ಪತ್ರೆಗೆ, ಅವಳು ವಾಪಸ್ಸು ಬಣ್ಣಕ್ಕೆ.

ಸೋಮವಾರ ಒಂದೇ ದಿನದಲ್ಲಿ ಬೀಗ ಹಾಕುವ ಕೋಡನ್ನು ಬರೆದು ಮುಗಿಸಿದಳು. ಕೋಣೆಗೊಬ್ಬ ದ್ವಾರಪಾಲಕ, ಅವನಿಗೊಂದು ಹುರಿಮೀಸೆ, ಎಲ್ಲವೂ ಕೋಡಿನ ಪಕ್ಕದ ಟಿಪ್ಪಣಿಯಲ್ಲಿ. ಅದನ್ನು ತಿದ್ದಿಕೊಡಬೇಕಾದ ಹಿರಿಯ ಎಂಜಿನಿಯರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಮೀಸೆ ನಲವತ್ತು ಸಾಲಿದೆ, ಕೋಡು ಹನ್ನೊಂದೇ ಸಾಲಿದೆ ಎಂದು ಅಕ್ಕ ಎಣಿಸಿ ಹೇಳಿದರು. ಪಂಪು ಚಾಲೂ ಮಾಡಿದರೆ ದೀಪ ಹತ್ತಿತು, ಒಮ್ಮೆ ಗುರ್ ಎಂದಿತು, ಶಾಪ ತಟ್ಟಿದ ಹಾಗೆ ಕಲ್ಲಾಯಿತು. ಪರದೆಯ ಮೇಲೆ ಒಂದಕ್ಷರದ ದೂರೂ ಇಲ್ಲ.

ಮಂಗಳವಾರ ಅವಳು, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರನ್ನು ಬೈದಳು. ಬುಧವಾರ ಚಿಪ್ ತಯಾರಿಸಿದವರ ವಂಶವನ್ನೇ ಜಾಲಾಡಿದಳು. ಗುರುವಾರ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ ಮೇಜು ಅಲ್ಲಾಡುತ್ತಿದೆಯೆಂದು ಅದರ ಕಾಲಿಗೆ ಕಾಗದ ಮಡಚಿ ಕೊಟ್ಟಳು. ಪಂಪು ಅಲ್ಲಾಡದೆ ಸತ್ತಿತು.

ಶುಕ್ರವಾರ ಬೆಳಗ್ಗೆ ಅಕ್ಕ ಕಾಫಿ ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂತರು.

"ಯಾವ ಕೋಣೆಗೆ ಬೀಗ ಹಾಕುವಾಗ ಸಾಯ್ತಿದೆ?"

"ಗೊತ್ತಿಲ್ಲ ಅಕ್ಕ. ಅದು ಬಾಯೇ ಬಿಡ್ತಿಲ್ಲ."

"ಹಾಗಾದ್ರೆ ಬೀಗ ಹಾಕ್ಲೇಬೇಡ. ಯಾರ್ಯಾರನ್ನ ಒಳಗೆ ಕೂಡಿ ಹಾಕ್ತೀಯೋ ಅವರ ಹೆಸರು ಮಾತ್ರ ಓದಿಸು ನೋಡೋಣ."

ಓದಿಸಿದಳು. 'ನಡೆಸಬಾರದು' ಎಂಬ ಬೀಗ ಬೀಳಬೇಕಾದ ಕೋಣೆಗಳ ಪಟ್ಟಿ ಪರದೆಯ ಮೇಲೆ ಇಳಿಯತೊಡಗಿತು. ಮೊದಲನೇ ಕೋಣೆಯಲ್ಲೇ, ಅಂಕಿಗಳ ಜೊತೆ ಪಂಕ್ತಿಗೆ ಕೂತ ಇಬ್ಬರು ಪರಕೀಯರು. ಒಂದು, ತಪ್ಪಾದರೆ ಕೂಗಿ ಹೇಳುವ ಫಂಕ್ಷನ್, ಅಂದರೆ ಆಜ್ಞೆಗಳ ಒಂದು ಕಂತೆ. ಇನ್ನೊಂದು, ಬೀಗ ಹಾಕುವ ಫಂಕ್ಷನ್.

"ಈ ಬೀಗದವನನ್ನ ಯಾರು ಬರೆದಿದ್ದು?" ಗೊತ್ತಿದ್ದೂ ಕೇಳಿದರು ಅಕ್ಕ.

"ನಾನೇ."

ಆದದ್ದಿಷ್ಟು. ಆಜ್ಞೆಗಳು ಮುಗಿದದ್ದು ಒಂದು ಕೋಣೆಯ ನಟ್ಟನಡುವೆ; ಉಳಿದರ್ಧದಿಂದಲೇ ಅಂಕಿಗಳು ಶುರು. ಅರ್ಧ ಕೋಣೆಗೆ ಬೀಗ ಬೀಳುವುದಿಲ್ಲ, ಬಿದ್ದರೆ ಇಡೀ ಕೋಣೆಗೇ. ಅಜ್ಜಿಯ ಅರಮನೆಗಳಲ್ಲಿ ರಾಣಿಗೊಂದು ಕೋಣೆ, ಆನೆಗೊಂದು ಲಾಯ ಇರುತ್ತಿದ್ದರಿಂದ, ರಾಣಿಯೂ ಆನೆಯೂ ಒಂದೇ ಕೋಣೆಯಲ್ಲಿ ಮಲಗಿದರೆ ಗತಿಯೇನೆಂದು ಇವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾಲ್ಕು ದಿನದಿಂದ ಅವಳ ಬೀಗದವನು ಮೊದಲ ಬೀಗವನ್ನು ತನಗೇ ಜಡಿದುಕೊಂಡು, ಕೂಗುವವನ ಬಾಯಿಗೂ ಬಟ್ಟೆ ತುರುಕಿ ಸಾಯುತ್ತಿದ್ದ. ಇವಳು ಹೊರಗೆ ನಿಂತು ಮೇಜಿನ ಕಾಲಿಗೆ ಉಪಚಾರ ಮಾಡುತ್ತಿದ್ದಳು.

ಅಂಕಿಗಳು ಹೊಸ ಕೋಣೆಯಿಂದಲೇ ಶುರುವಾಗಲಿ ಎಂದು ಒಂದು ಸಾಲು ಸೇರಿಸಿದಳು. ಅರ್ಧ ಕೋಣೆ ಖಾಲಿ ಬಿತ್ತು, ಬೀಳಲಿ. ಪಂಪು ಗುರ್ ಎಂದಿತು, ನಿಲ್ಲಲಿಲ್ಲ. ಸಿರಿಂಜಿನ ತುದಿಯಲ್ಲಿ ಒಂದು ಹನಿ ಮೂಡಿ, ತಡೆದು, ಕೆಳಗಿನ ಬಟ್ಟಲಿಗೆ ಬಿತ್ತು. ಅವಳು ಇಪ್ಪತ್ತು ಹನಿಯವರೆಗೆ ಎಣಿಸಿದಳು.

ನಾಲ್ಕು ಗಂಟೆಗೆ ಪರೀಕ್ಷಕರು ಬಂದರು. ಎಂಥದ್ದನ್ನೂ ತಪ್ಪು ಹುಡುಕಿ ಹಿಂದಕ್ಕೆ ಕಳಿಸುವ ಆಸಾಮಿ. ಬೀಗ ಹಾಕಿದವರೇ ಮೊದಲ ಕಳ್ಳರಾಗಬೇಕು ಎಂಬುದು ಅವರ ನಿಯಮ. ಒಳಗುಟ್ಟು ಬಲ್ಲವರಿಗೇ ಕನ್ನ ಕೊರೆಯಲಾಗದಿದ್ದರೆ ಬೀಗ ಗಟ್ಟಿಯೆಂದು ಅರ್ಥ. ಅವಳು ಆಜ್ಞೆಯ ಕೋಣೆಯೊಂದರಲ್ಲಿ ಅಂಕಿ ಬರೆಯಲು ಹೋದಳು. ಪಂಪು ತಟ್ಟನೆ ನಿಂತು, ಕೆಂಪು ದೀಪ ಹಚ್ಚಿ, ಬರೆಯಲು ಅನುಮತಿಯಿಲ್ಲವೆಂದು ಕೋಣೆಯ ನಂಬರಿನ ಸಮೇತ ಹೇಳಿತು. ಮತ್ತೆ ಚಾಲೂ ಮಾಡಿ, ಅಂಕಿಯ ಕೋಣೆಯಲ್ಲಿ ಒಂದು ಆಜ್ಞೆಯನ್ನು ಬಚ್ಚಿಟ್ಟು ನಡೆಸಲು ಹೋದಳು. ಮತ್ತೆ ಕೆಂಪು ದೀಪ. ನಡೆಸಲು ಅನುಮತಿಯಿಲ್ಲ.

ಪರೀಕ್ಷಕರು ಕನ್ನಡಕವನ್ನು ಹಣೆಗೇರಿಸಿದರು.

"ಅಲ್ಲಮ್ಮಾ, ನಾಲ್ಕು ದಿನದಿಂದ ಪಂಪು ಸಾಯ್ತಿತ್ತು. ಇವತ್ತೂ ಸಾಯ್ತಿದೆ. ಮತ್ತೆ ನೀನು ಮಾಡಿದ್ದೇನು?"

"ಇವತ್ತು ಹೇಳಿ ಸಾಯ್ತಿದೆ ಸರ್."

ಅವರು ಪೆನ್ನಿನ ಮುಚ್ಚಳ ತೆಗೆದು, ಹಾಳೆಯ ಮೇಲೆ 'ಪಾಸ್' ಎಂದು ಬರೆದು, ಕೆಳಗೆ ಶುಕ್ರವಾರದ ತಾರೀಖು ಹಾಕಿದರು.