ಕೋಟಿನ ಜೇಬಿನ ಭಾರ

1918ರ ನವೆಂಬರ್ 16, ಶನಿವಾರ, ಬೆಳಿಗ್ಗೆ ಹತ್ತೂಕಾಲಕ್ಕೆ ಯಲ್ಮಾರಿ ಕೋಟು ಬಿಚ್ಚದೆ ಗಿರಣಿಯ ತೂಕದ ಹಲಗೆಯ ಮೇಲೆ ನಿಂತ. ಫಿನ್‌ಲ್ಯಾಂಡಿನ ಕುಸ್ತಿ ಪಟ್ಟವನ್ನು ಎರಡು ಸಲ ಗೆದ್ದವನು, ಆ ವರ್ಷದ ಅಂತರ್ಯುದ್ಧದಲ್ಲಿ ಸೋತ ಕೆಂಪು ಪಡೆಯವರನ್ನು ಕೂಡಿಟ್ಟ ಶಿಬಿರದಿಂದ ಎಲುಬಿನ ಹಂದರವಾಗಿ ಮನೆಗೆ ಬಂದಿದ್ದ. ಈ ವಾರ ಅರವತ್ತು ಕಿಲೋ ದಾಟದಿದ್ದರೆ ತನ್ನ ಪಾಲಿನ ರೊಟ್ಟಿಯನ್ನೂ ಅವನಿಗೇ ತಿನ್ನಿಸುವೆನೆಂದು ಹೆಂಡತಿ ಸೆಲ್ಮಾ ಹಟ ಹಿಡಿದಿದ್ದಳು. ಅವಳಿಗೆ ಎಂಟು ತಿಂಗಳು ತುಂಬಿತ್ತು. ಅದಕ್ಕೇ ಅವನ ಜೇಬುಗಳಲ್ಲಿ ಹೊಳೆಯ ಕಲ್ಲುಗಳಿದ್ದವು.

ತೂಗುತ್ತಿದ್ದವನು ಗಿರಣಿಯ ಅಕ್ಸೆಲಿ. ಅಖಾಡದಲ್ಲಿ ಹತ್ತು ವರ್ಷ ಯಲ್ಮಾರಿಯ ಎದುರಾಳಿ, ಯುದ್ಧದಲ್ಲಿ ಗೆದ್ದ ಬಿಳಿ ಪಡೆಯ ಕಡೆ. ಯುದ್ಧ ಶುರುವಾದಂದಿನಿಂದ ಇಬ್ಬರಿಗೂ ಮಾತಿರಲಿಲ್ಲ. ಮುಳ್ಳು ನೋಡಿದ ಅಕ್ಸೆಲಿ ಅನುಮಾನದಿಂದ ಅವನ ಜೇಬು ತಟ್ಟಿದ.

"ಎಷ್ಟಂತೆ?" ಹೊರಗಿನಿಂದ ಸೆಲ್ಮಾ ಕೇಳಿದಳು.

"ತಡಿಯಮ್ಮ, ನಿನ್ನ ಗಂಡ ನೆಟ್ಟಗೆ ನಿಲ್ತಾ ಇಲ್ಲ," ಎಂದ ಅಕ್ಸೆಲಿ, ದನಿ ತಗ್ಗಿಸಿದ. "ಆಗೆಲ್ಲ ಕುಸ್ತಿಗೆ ಮುಂಚೆ ತೂಕ ಇಳಿಸೋಕೆ ಉಗಿಮನೇಲಿ ಕೂತು ಬೇಯ್ತಿದ್ದೆ. ಈಗ ಕಲ್ಲು ತುಂಬ್ಕೊಂಡು ಬಂದಿದೀಯಲ್ಲೋ, ಕಳ್ಳ."

"ಹೇಳ್ಬೇಡ ಮಾರಾಯ. ಅವಳು ಊಟ ಬಿಟ್ಬಿಡ್ತಾಳೆ."

ಅಕ್ಸೆಲಿ ಕಲ್ಲುಗಳನ್ನೆಲ್ಲ ತೆಗೆದು ನೆಲಕ್ಕಿಟ್ಟ. ಯಲ್ಮಾರಿ ತಲೆ ತಗ್ಗಿಸಿದ. ಅಕ್ಸೆಲಿ ಚೀಲವೊಂದನ್ನು ಅವನ ಕೈಗೆ ಕೊಟ್ಟು, ಮುಳ್ಳು ಮೊದಲಿದ್ದ ಗೆರೆಗೆ ಮರಳುವವರೆಗೂ ಅದಕ್ಕೆ ರೈ ಧಾನ್ಯದ ಹಿಟ್ಟು ಸುರಿದ.

"ಮುಂದಿನ ಶನಿವಾರಾನೂ ಬಾ. ಕಲ್ಲು ತರೋದು ಮಾತ್ರ ಮರೀಬೇಡ," ಎಂದು ಗೊಣಗಿ, ಬಾಗಿಲಿನತ್ತ ತಿರುಗಿ ತೂಕ ಹೇಳಿದ.

"ಅರವತ್ತೆರಡು ಕಿಲೋ."