ಹತ್ತರಲ್ಲಿ ಎಷ್ಟು?

ಉಡುಪಿಯ ಆಸ್ಪತ್ರೆಯಲ್ಲಿ ನೋವಿನ ಅಧ್ಯಯನ ಮಾಡುವ ಹರ್ಷಿಣಿಯ ಫೋನ್ ಬಂದಾಗ ಹೂವಪ್ಪನವರು ಕಾಪುವಿನ ತಮ್ಮ ಮನೆಯಂಗಳದಲ್ಲಿ ಬರಿಮೈಯಲ್ಲಿ ಕುಳಿತಿದ್ದರು. "ಅಂಕಲ್, ಬೈಪಾಸ್ ಆಗಿ ಆರು ತಿಂಗಳಾಯಿತು. ಈಗ ಎದೆಯ ನೋವು ಹತ್ತರಲ್ಲಿ ಎಷ್ಟು ಉಂಟು? ಇಲ್ಲದಿದ್ದರೆ ಸೊನ್ನೆ ಹಾಕಿ ಫೈಲ್ ಮುಚ್ಚುತ್ತೇನೆ. ಇದೇ ಕೊನೆಯ ಫೋನ್."

ಸೊನ್ನೆ ಎನ್ನುವುದು ಹೂವಪ್ಪನವರಿಗೆ ಹೊಸತಲ್ಲ. ಆಪರೇಷನ್ನಿನ ಹಿಂದಿನ ದಿನ, ಕೊಯ್ದ ಜಾಗದಲ್ಲಿ ಯಾರಿಗೆ ನರದ ನೋವು ವರ್ಷಗಟ್ಟಲೆ ಉಳಿಯಬಹುದು ಎಂದು ಮೊದಲೇ ಲೆಕ್ಕ ಹಾಕಲು ಈ ಹುಡುಗಿ ಫಾರಂ ಹಿಡಿದು ಬಂದಿದ್ದಳು. ಹೆದರಿಕೆ? ಸೊನ್ನೆ. ನಿದ್ದೆ ಬಾರದ್ದು? ಸೊನ್ನೆ. ನಲವತ್ತು ವರ್ಷ ಬೋಟು ನಡೆಸಿದವರು ಹೆಂಡತಿ ಪುಷ್ಪಾವತಿಯ ಎದುರು ಇನ್ನೇನು ಹೇಳಿಯಾರು? ನೋವಾದ ಕೂಡಲೇ ಹೇಳಿ ಎಂದು ಅವಳು ನೋವು ಅಳೆಯುವ ಯಂತ್ರದಲ್ಲಿ ಇವರ ಬೆರಳು ಒತ್ತಿದಾಗ ಕಣ್ಣಲ್ಲಿ ನೀರು ಬಂದರೂ ಬಾಯಿ ಬಿಡಲಿಲ್ಲ. ಇವರಿಗೆ ನೋವು ಉಳಿಯುವುದಿಲ್ಲ ಎಂದಿತು ಲೆಕ್ಕ. ಹೂವಪ್ಪನವರು ಪರೀಕ್ಷೆ ಪಾಸಾದವರಂತೆ ಮೀಸೆ ತಿರುವಿದ್ದರು.

ಈಗ ನೋಡಿದರೆ ಅಂಗಿ ಎಡ ಎದೆಗೆ ತಾಗಿದರೆ ಸಾಕು, ಕೆಂಡ ಇಟ್ಟಂತೆ ಉರಿ. ಹೇಳಿಕೊಳ್ಳಲಾಗದೆ, ಹೊರಗೂ ಬರಿಮೈಯಲ್ಲಿರಲು ಅವರು ಕಂಡುಕೊಂಡ ಉಪಾಯವೆಂದರೆ ದೇವಸ್ಥಾನ. ಅಲ್ಲಿ ಗಂಡಸರು ಅಂಗಿ ತೆಗೆಯಲೇಬೇಕು. ಬೆಳಿಗ್ಗೆ ಹೋದರೆ ಮಧ್ಯಾಹ್ನದ ಊಟ ಮುಗಿಸಿಯೇ ಬರುವುದು. ಆಪರೇಷನ್ ಆದ ಮೇಲೆ ಭಕ್ತಿ ಬಂತು ಎಂದ ಊರವರು ಕಳೆದ ವಾರ ಅವರನ್ನು ಭಜನಾ ಮಂಡಳಿಯ ಅಧ್ಯಕ್ಷರನ್ನಾಗಿಯೂ ಮಾಡಿದರು. ಒಂದು ಭಜನೆಯೂ ಬಾರದ ಅಧ್ಯಕ್ಷರು. ಮುಂದಿನ ತಿಂಗಳು ಮಗಳು ಮೋಕ್ಷಾಳ ಮದುವೆ. ದಿನವಿಡೀ ಅಂಗಿ ತೊಟ್ಟು, ಬಂದವರೆದುರು ನಗಬೇಕು. ನೆನೆದರೆ ಅವರಿಗೆ ನಿಜಕ್ಕೂ ಅಳು ಬರುತ್ತಿತ್ತು.

"ಸೊನ್ನೆಯಾ ಅಂಕಲ್?"

ಪುಷ್ಪಾವತಿ ಬಾವಿಕಟ್ಟೆಯ ಹತ್ತಿರ ಮೀನು ತೊಳೆಯುತ್ತಿದ್ದರು. ಹೂವಪ್ಪನವರು ದನಿ ತಗ್ಗಿಸಿದರು. "ನಾನು ಬೇರೆ ಹೇಳಿದರೆ ನಿಮ್ಮ ಲೆಕ್ಕ ತಪ್ಪುತ್ತದೆ ಅಲ್ವಾ?"

"ತಪ್ಪಿದರೆ ತಪ್ಪಲಿ. ನೋವಿದ್ದರೆ ಅದಕ್ಕೆ ಮದ್ದು ಉಂಟು."

"ಎಂಟು," ಎಂದರು. "ಆವತ್ತು ಹೇಳಿದ್ದೆಲ್ಲ ಸುಳ್ಳು ಮಾರಾಯ್ತಿ. ಹೆದರಿಕೆಯಲ್ಲಿ ಎರಡು ದಿನ ಅನ್ನ ಸೇರಿರಲಿಲ್ಲ."

"ಗೊತ್ತು ಅಂಕಲ್. ಸೋಮವಾರ ಬನ್ನಿ, ಮದ್ದು ಶುರು ಮಾಡುವ. ಆವತ್ತೇ ಆಂಟಿ ನನ್ನ ಹಿಂದೆ ವರಾಂಡಕ್ಕೆ ಬಂದು, ಅವರು ಸೊನ್ನೆ ಅಂದಲ್ಲೆಲ್ಲ ಹತ್ತು ಬರೆದುಕೊಳ್ಳಿ ಅಂದಿದ್ದರು. ಎಂತ ಮಾಡುವುದು, ನಮ್ಮ ಫಾರಂನಲ್ಲಿ ಹೆಂಡತಿಯ ಮಾತಿಗೆ ಜಾಗ ಇರಲಿಲ್ಲ."