ಗಾಡಿ ಇಳಿದ ಮೇಲೆ

ಹೊಸ ಟೈರಿನ ವಾಸನೆ ಬಂದರೆ ಈಗಲೂ ನನ್ನ ಮೊಣಕಾಲು ತಾನಾಗಿ ಮಡಚಿಕೊಳ್ಳುತ್ತದೆ.

ಅಕ್ಕನ ಮದುವೆ ದಾಸರಹಳ್ಳಿಯ ಗಂಡಿನ ಮನೆಯಲ್ಲಿತ್ತು. ಹಿಂದಿನ ದಿನ ಮಧ್ಯಾಹ್ನ ದೊಡ್ಡನೆಕ್ಕುಂದಿಯಿಂದ ಸೋದರಮಾವನ ಜೀಪಿನಲ್ಲಿ ಹೊರಟೆವು. ಗಂಡಿಗೆ ಕೊಡುವ ಹೊಸ ಮೋಟರ್ ಸೈಕಲ್ಲೂ ಅದರಲ್ಲೇ ಹೋಗಬೇಕಿತ್ತು. ಅವನಿಗಿಂತ ಮೊದಲು ಅದನ್ನು ಯಾರೂ ಓಡಿಸಕೂಡದೆಂದು ಬೀಗರು ಹೇಳಿ ಕಳಿಸಿದ್ದರು. ನಾನೂ ಅಕ್ಕನೂ ಹಿಂದೆ ಮೊಣಕಾಲು ಮಡಚಿ ಕೂತ ಮೇಲೆ ಅದನ್ನು ಹತ್ತಿಸಿ, ನಾವು ಇಳಿಯುವ ದಾರಿಗೆ ಅಡ್ಡವಾಗಿ ಹಗ್ಗ ಬಿಗಿದರು. ಗಾಡಿಗೆ ಕಂಬಳಿ ಹೊದಿಸಿದ್ದರು, ನಮಗೆ ಕೂರಲು ಬರೀ ತಗಡು. ಹ್ಯಾಂಡಲ್ ಅಕ್ಕನ ಪಕ್ಕೆಗೆ ಒತ್ತುತ್ತಿತ್ತು.

ಯಶವಂತಪುರ ದಾಟುವಾಗ ಅಕ್ಕ, "ಅಪ್ಪಾ, ಉಸಿರು ಕಟ್ತದೆ. ಒಂದ್ಗಳಿಗೆ ಇಳೀತೀನಿ," ಅಂದಳು.

ಮುಂದೆ ಕೂತಿದ್ದ ಅಪ್ಪ ತಿರುಗಿ ಮೊದಲು ಕಂಬಳಿ ನೋಡಿದ. "ಗಾಡಿ ಇಳಿಸ್ದೆ ನೀನೆಂಗವ್ವ ಇಳೀತೀಯ? ಗೀರು ಬೀಳ್ದಂಗೆ ಗಟ್ಟಿಯಾಗಿ ಇಡ್ಕೊ."

ಅಕ್ಕ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದುಕೊಂಡಳು.

ದಾಸರಹಳ್ಳಿಯಲ್ಲಿ ಹೆಂಗಸರು ಆರತಿ ತಟ್ಟೆ ತಂದರು. "ಮೊದ್ಲು ಗಾಡಿ ಇಳಿಸ್ರಪ್ಪ," ಅಂದಳು ಅಕ್ಕನ ಅತ್ತೆಯಾಗುವವಳು. ಇಳಿಸಿದರು, ಅದಕ್ಕೇ ಹಾರ ಹಾಕಿದರು, ಆರತಿ ಎತ್ತಿದರು.

"ಇನ್ನು ನೀನು ಇಳಿಯವ್ವ," ಅಂದ ಅಪ್ಪ.

ದಾರಿ ತೆರವಾಗಿತ್ತು. ಅಕ್ಕ ಮಾತ್ರ, ಗಾಡಿ ಇನ್ನೂ ಅಲ್ಲೇ ಇದೆಯೆಂಬಂತೆ, ಎರಡೂ ಮುಷ್ಟಿ ಬಿಗಿಹಿಡಿದು ಕೂತೇ ಇದ್ದಳು.